ಸಂಕ್ರಾಂತಿ ಕಳೆಯಲಿ ಅಂದವಳು

ಹತ್ತಿರದವರು ಮೋಸ ಮಾಡಿದರು ಎಂದು ಹೇಳಿಕೊಂಡರೆ ಕೇಳಿದವರೆಲ್ಲ ಮೊದಲು ಹಾಕುವ ಪ್ರಶ್ನೆ, ‘ನಿಮಗೆ ಮುಂಚೆನೇ ಅನುಮಾನ ಬರ್ಲಿಲ್ವಾ?’ ಎಂಬುದು. ಬರಲಿಲ್ಲ. ಬಂದಿದ್ದರೆ ಅದು ಮೋಸ ಹೇಗಾಗುತ್ತಿತ್ತು? ಈಗ ಹಾಗೆ ಕೇಳುವವರ ಮೇಲೂ ನನಗೆ ಸಿಟ್ಟು ಬರುತ್ತದೆ.

ಜಯನಗರದಲ್ಲಿ ಪಿಯು ಪಾಠವನ್ನೂ ಸೇರಿಸಿಯೇ ನಡೆಸುವ ಒಂದು ದೊಡ್ಡ ಕೋಚಿಂಗ್ ಸೆಂಟರಿನಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಡಾಕ್ಟರೋ ಎಂಜಿನಿಯರೋ ಆಗಲೇಬೇಕೆಂದು ಮನೆಯವರು ತೀರ್ಮಾನಿಸಿಬಿಟ್ಟ ಮಕ್ಕಳು ಬರುವ ಜಾಗ ಅದು. ನನ್ನ ಸಂಬಳ ಕೇಳಿದ ನೆಂಟರು ಹುಬ್ಬೇರಿಸುತ್ತಿದ್ದರು, ಕೆಲಸದ ಹೊತ್ತು ಕೇಳಿ ಅದೇ ಹುಬ್ಬು ಇಳಿಸುತ್ತಿದ್ದರು. ಹಾಲಿನ ಪ್ಯಾಕೆಟ್ ಬಾಗಿಲಿಗೆ ಬೀಳುವ ಮೊದಲೇ ಮನೆ ಬಿಡಬೇಕಿತ್ತು. ಬೆಳಗ್ಗೆ ಬ್ಯಾಚು, ಮಧ್ಯಾಹ್ನ ಬ್ಯಾಚು, ಸಂಜೆ ಮಕ್ಕಳ ಅನುಮಾನ ಬಗೆಹರಿಸುವ ಡೌಟ್ ಸೆಷನ್ನು, ಭಾನುವಾರ ಟೆಸ್ಟು. ದಸರಾ ರಜೆ ಬಂತೆಂದರೆ ಇನ್ನೊಂದೆರಡು ಬ್ಯಾಚು ಜಾಸ್ತಿ ಆಯಿತೆಂದೇ ಅರ್ಥ. ನಾನು ಮನೆ ಸೇರುವ ಹೊತ್ತಿಗೆ ಎಂಟನೇ ಕ್ಲಾಸಿನ ಮಗಳು ಊಟ ಮುಗಿಸಿ ತನ್ನ ತಟ್ಟೆ ತೊಳೆದಿಟ್ಟಿರುತ್ತಿದ್ದಳು.

ಅಲ್ಲಿ ಕೆಮಿಸ್ಟ್ರಿಗೆ ನಾವು ಇಬ್ಬರು. ಇನ್ನೊಬ್ಬಳು ನನ್ನ ಗೆಳತಿ. ಕುಮಾರಸ್ವಾಮಿ ಲೇಔಟಿನಿಂದ ಸ್ಕೂಟರಿನಲ್ಲಿ ಹೊರಟು ಪದ್ಮನಾಭನಗರದ ನಮ್ಮ ರಸ್ತೆಯ ತುದಿಯಲ್ಲಿ ನನ್ನನ್ನು ಹಿಂದೆ ಕೂರಿಸಿಕೊಳ್ಳುತ್ತಿದ್ದಳು. ಸೀನಿಯರ್ ನಾನೇ. ಆದರೆ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಅವಳಷ್ಟು ಚೆನ್ನಾಗಿ ಹೇಳಿಕೊಡುವವರನ್ನು ನಾನು ನೋಡಿಲ್ಲ. ಇದನ್ನು ಗಂಡನ ಮುಂದೆ, ಮಗಳ ಮುಂದೆ ಎಷ್ಟೋ ಸಲ ಹೊಗಳಿದ್ದೇನೆ. ಅವಳ ಅತ್ತೆಯ ಮಡಿ, ನನ್ನ ಗಂಡನ ಗೊರಕೆ, ನಮ್ಮ ಡೈರೆಕ್ಟರರ ನಗೆಯಿಲ್ಲದ ಮುಖ, ಎಲ್ಲವನ್ನೂ ಆ ದಾರಿಯಲ್ಲಿ ಮಾತಾಡಿ ಮುಗಿಸುತ್ತಿದ್ದೆವು. ಒಡಹುಟ್ಟಿದವರ ಹತ್ತಿರವೂ ನಾನು ಅಷ್ಟು ಬಾಯಿಬಿಟ್ಟವಳಲ್ಲ.

ಒಂದು ದಿನ ಬೆಂಗಳೂರು ಬಂದ್ ಎಂದು ಕ್ಲಾಸುಗಳನ್ನು ಅರ್ಧಕ್ಕೆ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ಮಗಳು ಬಾಗಿಲು ತೆಗೆದಳು. ‘ಅರೆ, ಬಾಮ್ಮ, ಕೂತ್ಕೊ. ಕಾಫಿ ಮಾಡ್ಲಾ?’ ಅಂದಳು. ನನಗೆ ಹಿಗ್ಗೋ ಹಿಗ್ಗು. ಆಮೇಲೆ ಅಡುಗೆಮನೆಯಿಂದ ಕೂಗಿದಳು, ‘ಅಮ್ಮ, ನೀನು ಕಾಫಿಗೆ ಸಕ್ಕರೆ ಹಾಕ್ಕೋತೀಯಾ?’ ನಾನು ಹೆತ್ತ ಮಗಳಿಗೆ ನಾನು ಕುಡಿಯುವ ಕಾಫಿ ಗೊತ್ತಿರಲಿಲ್ಲ. ಲೋಟದ ಪಕ್ಕ ತಟ್ಟೆಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಬಂದಳು, ಮನೆಗೆ ಬಂದವರಿಗೆ ಇಡುವ ಹಾಗೆ. ನಾನು ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೇಳಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರನೆಯ ದಿನ ಇದನ್ನು ಗೆಳತಿಗೆ ಹೇಳಿದೆ. ಅವಳು ಸ್ಕೂಟರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ ಹೆಲ್ಮೆಟ್ ತೆಗೆದಳು. ‘ಬಿಟ್ಬಿಡೋಣ ಕಣೇ. ಸಾಕು ಈ ಗಾಣ. ಇಬ್ರೂ ಒಟ್ಟಿಗೆ ಬಿಡೋಣ’ ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಿನದು ಎಂದು ಇವತ್ತಿಗೂ ನನಗೆ ಹೇಳಲಾಗುವುದಿಲ್ಲ. ಸುಳ್ಳು ಎಂದು ಖಚಿತವಾಗಿದ್ದರೆ ನಿದ್ದೆಯಾದರೂ ಸರಿಯಾಗಿ ಬರುತ್ತಿತ್ತು.

ಬನಶಂಕರಿಯಲ್ಲಿ ಒಂದು ಸಣ್ಣ ಪಿಯು ಕಾಲೇಜನ್ನು ಅವಳೇ ಹುಡುಕಿದಳು. ಅಲ್ಲಿಗೆ ಮುಂದಿನ ವರ್ಷಕ್ಕೆ ಕೆಮಿಸ್ಟ್ರಿಗೆ ಇಬ್ಬರು ಬೇಕಾಗಿದ್ದರು. ಸಂಬಳ ನಾವು ತೆಗೆದುಕೊಳ್ಳುತ್ತಿದ್ದುದರ ಅರ್ಧಕ್ಕೂ ಬರುತ್ತಿರಲಿಲ್ಲ. ಆದರೆ ಮಧ್ಯಾಹ್ನ ಕಳೆದರೆ ಮನೆ, ಭಾನುವಾರ ಭಾನುವಾರವೇ. ನಾನು ಸುಮ್ಮನೆ ಹಾರಿಬಿಡಲಿಲ್ಲ. ದುಡ್ಡು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ನನ್ನ ಕ್ಲಾಸಿನ ಮಕ್ಕಳು ರ್‍ಯಾಂಕ್ ತೆಗೆದಾಗ ಅವರ ಮುಖವಿರುವ ಫ್ಲೆಕ್ಸು ನೋಡಲು ಬೇಕೆಂದೇ ಆ ರಸ್ತೆಯಲ್ಲಿ ನಡೆದುಕೊಂಡು ಹೋಗುತ್ತಿದ್ದವಳು ನಾನು. ಗಂಡನನ್ನು ಕೇಳಿದೆ. ‘ನಿನ್ನಿಷ್ಟ’ ಅಂದರು, ಗಂಡಸರು ತಮಗೆ ಇಷ್ಟವಿಲ್ಲದಾಗ ಹೇಳುವ ರೀತಿಯಲ್ಲೇ. ಮಗಳಿಗೆ ಹೇಳಿದಾಗ ಮಾತ್ರ ಅವಳು, ‘ನಿಜವಾಗ್ಲೂ? ದಿನಾ ಸಾಯಂಕಾಲ ಮನೇಲಿರ್ತೀಯಾ?’ ಎಂದು ಕುಣಿದಳು. ಅಲ್ಲಿಗೆ ನನ್ನ ಅಳೆದು ಸುರಿಯುವುದು ಮುಗಿಯಿತು.

ಜನವರಿ ಕೊನೆಗೆ ಆ ಕಾಲೇಜಿನಲ್ಲಿ ಮುಂದಿನ ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಕು, ಅದಕ್ಕೆ ಮುಂಚೆ ಇಬ್ಬರೂ ರಾಜೀನಾಮೆ ಕೊಡಬೇಕು ಎಂದು ಮಾತಾಗಿತ್ತು. ಅಷ್ಟರಲ್ಲಿ ಧನುರ್ಮಾಸ ಬಂತು. ‘ಈಗ ಶೂನ್ಯಮಾಸ ಕಣೇ. ನಮ್ಮತ್ತೆ ಈ ತಿಂಗಳಲ್ಲಿ ಏನನ್ನೂ ಮಾಡಕ್ಕೆ ಬಿಡಲ್ಲ. ಸಂಕ್ರಾಂತಿ ಕಳೀಲಿ, ಮಾರನೇ ದಿನವೇ ನಾನು ಕೊಡ್ತೀನಿ. ನಿಂಗೆ ಇದೆಲ್ಲ ನಂಬಿಕೆ ಇಲ್ವಲ್ಲ, ನೀನು ಕೊಟ್ಬಿಡು. ಇಬ್ರೂ ಒಂದೇ ದಿನ ಕೊಟ್ರೆ ಡೈರೆಕ್ಟರ್‌ಗೂ ಅನುಮಾನ’ ಅಂದಳು. ಶೂನ್ಯಮಾಸದಲ್ಲಿ ಹೊಸ ಕೆಲಸಕ್ಕೆ ಕೈಹಾಕಬಾರದು ಎನ್ನುವುದು ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇರುವ ಮಾತು. ಅದನ್ನು ಸುಳ್ಳೋ ನಿಜವೋ ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ. ‘ಯಾವ ಮಾಸವಾದ್ರೂ ಉಪ್ಪು ಉಪ್ಪೇ’ ಎಂದು ಜಂಬ ಕೊಚ್ಚಿಕೊಂಡು ನಾನು ಲೆಟರ್ ಕೊಟ್ಟೆ.

ಡೈರೆಕ್ಟರು ಬೇಡಿಕೊಳ್ಳಬಹುದು, ಸಂಬಳ ಏರಿಸುತ್ತೇನೆ ಎನ್ನಬಹುದು ಎಂದುಕೊಂಡಿದ್ದೆ. ಅವರು ಲೆಟರ್ ಓದಿ, ‘ಪರೀಕ್ಷೆ ಮುಗಿಯೋವರೆಗೂ ಇರಿ ಮೇಡಂ. ಆಲ್ ದಿ ಬೆಸ್ಟ್’ ಅಂದರು. ಅಷ್ಟೆ. ಇರಲಿ, ಸಂಕ್ರಾಂತಿ ಮಾರನೇ ದಿನ ಇನ್ನೊಂದು ಲೆಟರ್ ಬಂದಾಗ ಈ ಮುಖ ಹೇಗಾಗುತ್ತದೋ ನೋಡೋಣ ಎಂದು ಒಳಗೊಳಗೇ ನಕ್ಕು ಹೊರಗೆ ಬಂದೆ.

ಸಂಕ್ರಾಂತಿ ಸಾಯಂಕಾಲ ಅವಳು ರೇಷ್ಮೆ ಸೀರೆ ಉಟ್ಟು ಎಳ್ಳು ಬೀರಲು ನಮ್ಮ ಮನೆಗೆ ಬಂದಳು. ತಟ್ಟೆಯಲ್ಲಿ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬು. ‘ನಾಳೆ ಲೆಟರ್ ಕೊಡ್ತೀಯಾ ತಾನೇ?’ ಎಂದು ಕೇಳಿದೆ. ‘ಮೊದ್ಲು ಬಾಯಿ ಸಿಹಿ ಮಾಡ್ಕೊ’ ಎಂದು ನನ್ನ ಕೈಗೆ ಎಳ್ಳು ಹಾಕಿದಳು. ನಾನು ಬಾಯಿಗೆ ಹಾಕಿಕೊಂಡ ಮೇಲೆ ಹೇಳಿದಳು: ‘ನನ್ನನ್ನ ಡಿಪಾರ್ಟ್‌ಮೆಂಟ್ ಹೆಡ್ ಮಾಡ್ತಾರಂತೆ ಕಣೇ. ಇಲ್ಲ ಅನ್ನಕ್ಕಾಗ್ಲಿಲ್ಲ. ನಮ್ಮನೆ ಪರಿಸ್ಥಿತಿ ನಿಂಗೊತ್ತಲ್ಲ. ಎಳ್ಳು ಬೆಲ್ಲ ತಿಂದಿದೀಯ, ಒಳ್ಳೆ ಮಾತಾಡ್ಬೇಕು, ಬೈಬಾರ್ದು.’

ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎಂಬ ಗಾದೆಯನ್ನು ಎಷ್ಟು ಸಲ ಕೇಳಿದ್ದೆನೋ. ಅವತ್ತು ಬಾಯಲ್ಲಿದ್ದದ್ದು ಬರಿಯ ಎಳ್ಳು ಬೆಲ್ಲ, ಆದರೂ ಗಂಟಲಲ್ಲಿ ಇಳಿಯಲಿಲ್ಲ. ಮನೆಗೆ ಬಂದ ಮುತ್ತೈದೆ, ಹಬ್ಬದ ದಿನ. ಅರಿಸಿನ ಕುಂಕುಮ ಕೊಟ್ಟೆ. ಅವಳ ತಟ್ಟೆಗೆ ನಮ್ಮ ಮನೆಯ ಎಳ್ಳನ್ನೂ ಹಾಕಿದೆ. ಪರಿಸ್ಥಿತಿಯಂತೆ! ಎಲ್ಲರ ಮನೆ ದೋಸೆಯೂ ತೂತೇ, ಅದಕ್ಕೆಂದು ಪಕ್ಕದ ಮನೆಯ ಕಾವಲಿಯನ್ನೇ ಎತ್ತಿಕೊಂಡು ಹೋಗುತ್ತಾರೆಯೇ? ಅವಳು ಗೇಟು ದಾಟಿದ ಮೇಲೆ ನನಗೆ ನೆನಪಾಯಿತು, ಹಿಂದಿನ ವರ್ಷ ಇದೇ ಶೂನ್ಯಮಾಸದಲ್ಲಿ, ಆಫರ್ ಇದೆ ಎಂದು, ಅವಳು ಹೊಸ ಫ್ರಿಜ್ ತಂದು ನನ್ನನ್ನು ಕರೆದು ತೋರಿಸಿದ್ದಳು. ಆಗ ಅತ್ತೆ ಎಲ್ಲಿ ಹೋಗಿದ್ದರು?

ಆಮೇಲೆ ನಾನು ಬಸ್ಸಿನಲ್ಲಿ ಹೋಗಲು ಶುರು ಮಾಡಿದೆ. ಪರೀಕ್ಷೆ ಮುಗಿಯುವವರೆಗೆ ಒಂದೇ ಸ್ಟಾಫ್ ರೂಮಿನಲ್ಲಿ, ಬೋರ್ಡಿನ ಮಾರ್ಕರ್ ಕೇಳುವಷ್ಟು ಮಾತ್ರ ಮಾತು. ಲೆಟರ್ ವಾಪಸ್ ತೆಗೆದುಕೋ ಎಂದು ಗಂಡ ಹೇಳಿದರು. ತೆಗೆದುಕೊಳ್ಳಬಹುದಿತ್ತೇನೋ. ಮಗಳು ಆಗಲೇ ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳ ಮೇಲೆ ‘ಅಮ್ಮ ಮನೇಲಿ’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಳು. ಅದನ್ನು ಅಳಿಸು ಎಂದು ಹೇಳುವ ಬಾಯಿ ನನಗಿರಲಿಲ್ಲ.

ಕೊನೆಯ ದಿನ ಡೈರೆಕ್ಟರು ಶಾಲು ಹೊದಿಸಿ, ಒಳ್ಳೆಯ ಮಾತನ್ನೇ ಆಡುತ್ತಿದ್ದೇನೆ ಎಂದುಕೊಂಡು ಹೇಳಿದರು: ‘ನಿಮ್ಮಿಂದ ನಮಗೆ ತೊಂದ್ರೆ ಆಗ್ಲಿಲ್ಲ ಮೇಡಂ. ನೀವು ಬಿಡ್ತೀರ ಅಂತ ನಿಮ್ಮ ಫ್ರೆಂಡ್ ದೀಪಾವಳಿ ಹೊತ್ತಿಗೇ ಹೇಳಿದ್ರು, ಆಗ್ಲೇ ಎಲ್ಲ ಮಾತಾಡ್ಕೊಂಡ್ವಿ.’ ದೀಪಾವಳಿ ಎಂದರೆ ಧನುರ್ಮಾಸಕ್ಕೂ ಮೊದಲು. ಕಾಲೇಜು ಹುಡುಕಿದ್ದು, ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋಗಿ ಪ್ರಿನ್ಸಿಪಾಲರಿಗೆ ಪರಿಚಯ ಮಾಡಿಸಿದ್ದು, ಎಲ್ಲವೂ ಅದರ ನಂತರ. ನಾನಿರುವವರೆಗೆ ಅವಳು ಹೆಡ್ ಆಗುವ ಹಾಗಿರಲಿಲ್ಲ. ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರಲ್ಲ, ಅದು ಕೊಯ್ಯುವಾಗ ನೋಯುವುದಿಲ್ಲ, ಗೊತ್ತಾದ ಮೇಲೆ ನೋಯುತ್ತದೆ.

ಆದರೂ ಕಾಲೇಜಿಗೆ ಸೇರಿದ ಮೇಲಿನ ಎರಡು ವರ್ಷಗಳ ಬಗ್ಗೆ ನಾನು ಸುಳ್ಳು ಹೇಳಬಾರದು. ನನಗೆ ಸಂಜೆಗಳು ಸಿಕ್ಕವು. ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ಅವಲಕ್ಕಿ ಒಗ್ಗರಣೆ ಹಾಕಿ ಕಾಯುತ್ತಿದ್ದೆ. ಬಟ್ಟೆ ಬದಲಿಸುವ ಮೊದಲೇ ಅವಳ ವರದಿ ಶುರು: ಯಾರು ಯಾರ ಹತ್ತಿರ ಮಾತು ಬಿಟ್ಟರು, ಯಾವ ಮಿಸ್ ಯಾರಿಗೆ ಬೈದರು. ಆಮೇಲೆ ಇಬ್ಬರೂ ಪಾರ್ಕಿಗೆ, ಅಲ್ಲಿಂದ ಸೊಪ್ಪು ತರಲು. ಶನಿವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಚುರುಮುರಿ ತಿಂದು, ಅಂಗಡಿಗಳ ಮುಂದೆ ಏನೂ ಕೊಳ್ಳದೆ ಅಲೆಯುತ್ತಿದ್ದೆವು. ಬರುವ ದುಡ್ಡು ಕಡಿಮೆಯಾಗಿದ್ದು ಗಂಡನಿಗೆ ಚುಚ್ಚುತ್ತಿತ್ತು, ನನಗೂ ಒಮ್ಮೊಮ್ಮೆ ಚುಚ್ಚುತ್ತಿತ್ತು. ಆದರೆ ಮಗಳು ಬಾಯಿತುಂಬ ಮಾತಾಡುತ್ತ ಪಕ್ಕದಲ್ಲಿ ನಡೆಯುವಾಗ, ಗೆಳತಿ ಮಾಡಿದ ಮೋಸಕ್ಕೆ ಅವಳಿಗೇ ಒಂದು ನಮಸ್ಕಾರ ಹಾಕಬೇಕು ಎಂದೂ ಅನ್ನಿಸಿದೆ.

ಮಗಳ ಹತ್ತನೇ ಕ್ಲಾಸು ಮುಗಿಯಿತು. ನಮ್ಮ ಕಾಲೇಜಿನಲ್ಲೇ ಸೇರುತ್ತಾಳೆ, ನಾನೇ ಕೆಮಿಸ್ಟ್ರಿ ಹೇಳಿಕೊಡುತ್ತೇನೆ, ಇಬ್ಬರೂ ಒಟ್ಟಿಗೆ ಮನೆಗೆ ಬರುತ್ತೇವೆ ಎಂದು ನಾನೇ ತೀರ್ಮಾನಿಸಿ ಪ್ರಿನ್ಸಿಪಾಲರಿಗೂ ಹೇಳಿಟ್ಟಿದ್ದೆ. ಒಂದು ಸಂಜೆ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಾಗ ಅವಳು ಚಪ್ಪಲಿಯ ತುದಿಯಿಂದ ಮಣ್ಣು ಕೆರೆಯುತ್ತ, ‘ಅಮ್ಮ, ಬೈಬೇಡ. ನಾನು ಎಂಟ್ರೆನ್ಸ್ ಟೆಸ್ಟ್ ಬರ್ದೆ. ನಿನ್ ಹಳೇ ಸೆಂಟರ್‌ದು, ಆಂಟಿ ಇದಾರಲ್ಲ, ಅದು. ಸ್ಟಾರ್ ಬ್ಯಾಚಲ್ಲಿ ಸಿಕ್ತು’ ಅಂದಳು.

‘ಯಾವಾಗ ಬರ್ದೆ?’

‘ನೀನು ಪೇಪರ್ ವ್ಯಾಲ್ಯುಯೇಷನ್‌ಗೆ ಹೋಗ್ತಿದ್ಯಲ್ಲ, ಆವಾಗ. ಅಪ್ಪ ಕರ್ಕೊಂಡ್ ಹೋದ್ರು. ಆಂಟಿನೇ ಫೋನ್ ಮಾಡಿ ಅಪ್ಪಂಗೆ ಹೇಳಿದ್ರಂತೆ.’

ಅವಳೇ ಮುಂದುವರಿಸಿದಳು. ‘ನಿನ್ ಕಾಲೇಜಲ್ಲಿ ಯಾರಿಗೂ ರ್‍ಯಾಂಕ್ ಬಂದಿಲ್ಲ ಅಮ್ಮ. ಆಂಟಿ ಥರ ಆರ್ಗ್ಯಾನಿಕ್ ಯಾರೂ ಮಾಡಲ್ಲ ಅಂತ ನೀನೇ ಹೇಳ್ತಿದ್ದೆ.’

‘ಬೆಳಗ್ಗೆ ಕತ್ತಲಲ್ಲಿ ಹೋಗ್ಬೇಕು, ಬರೋಷ್ಟರಲ್ಲಿ ಕತ್ತಲಾಗಿರುತ್ತೆ. ಭಾನುವಾರನೂ ಇರಲ್ಲ. ಗೊತ್ತಾ?’

‘ಗೊತ್ತು. ಎರಡೇ ವರ್ಷ ಅಲ್ವಾ? ಸಾಯಂಕಾಲ ಎಲ್ಲ ಆಮೇಲೆ ಇದ್ದೇ ಇರುತ್ತೆ’ ಅಂದಳು.

ಮನೆಯಲ್ಲಿ ಗಂಡನನ್ನು ಹಿಡಿದೆ. ಅವರು ಟಿವಿಯ ಸದ್ದು ಕಡಿಮೆ ಮಾಡಿದರೇ ಹೊರತು ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ‘ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ನಿನ್ನ ಅವರ ಜಗಳಕ್ಕೆ ಮಗು ಭವಿಷ್ಯ ಯಾಕೆ ಹಾಳಾಗ್ಬೇಕು?’ ಅಂದರು. ಜಗಳವಂತೆ. ಜಗಳಕ್ಕೆ ಇಬ್ಬರು ಬೇಕು ರೀ, ನಾನು ಯಾವತ್ತು ಜಗಳವಾಡಿದೆ? ಅವಳು ನನ್ನ ಬೆನ್ನ ಹಿಂದೆ ಮಾತಾಡಿಕೊಂಡಳು, ಈಗ ನೀವೂ ಮಾತಾಡಿಕೊಂಡಿರಿ. ಅವಳು ಹೊರಗಿನವಳು, ಅವಳನ್ನಾದರೂ ಮನೆಗೆ ಬಾರದ ಹಾಗೆ ಮಾಡಬಹುದಿತ್ತು. ಇದನ್ನೆಲ್ಲ ಹೇಳಿದೆ, ಜೋರಾಗಿಯೇ ಹೇಳಿದೆ. ಮಗಳು ತನ್ನ ರೂಮಿನ ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು.

ಕ್ಲಾಸು ಶುರುವಾಗುವ ಹಿಂದಿನ ದಿನ ಗೆಳತಿಯ ಫೋನು ಬಂತು. ಸೆಂಟರ್ ಬಿಟ್ಟ ಮೇಲೆ ಅವಳ ದನಿ ಕೇಳಿದ್ದು ಅದೇ ಮೊದಲು. ‘ನನ್ ಮೇಲೆ ಕೋಪ ಇರಬಹುದು ಕಣೇ, ಇರ್ಲಿ. ನಿನ್ ಮಗಳು ನಂಗೂ ಮಗಳೇ. ಸಾಯಂಕಾಲ ಡೌಟ್ ಸೆಷನ್‌ಗೆ ನನ್ ಪಕ್ಕದಲ್ಲೇ ಕೂರಿಸ್ಕೋತೀನಿ. ನೀನು ಯೋಚ್ನೆ ಮಾಡ್ಬೇಡ’ ಅಂದಳು.

ಅವಳಿಗೆ ಹೇಳಲೆಂದು ನಾನು ಎರಡು ವರ್ಷ ಕೂಡಿಟ್ಟ ಮಾತುಗಳಿದ್ದವು. ಬಸ್ಸಿನಲ್ಲಿ ನಿಂತು, ಒಲೆಯ ಮುಂದೆ ನಿಂತು ತಿದ್ದಿ ತೀಡಿ ಇಟ್ಟುಕೊಂಡಿದ್ದ ಬೈಗುಳಗಳು. ಒಂದನ್ನು ಆಡಿದರೂ ನಾಳೆಯಿಂದ ಅದು ಮಗಳ ಮೇಲೆ ತಿರುಗಬಹುದು ಎನ್ನಿಸಿತು. ಇನ್ನು ಎರಡು ವರ್ಷ ನನ್ನ ಮಗಳು ಅವಳ ಪಕ್ಕ ಕೂರುವವಳು.

‘ಸಾಯಂಕಾಲದ ಹೊತ್ತು ಅವಳಿಗೆ ಹಸಿವು ತಡ್ಯಕ್ಕಾಗಲ್ಲ. ತಲೆನೋವು ಬಂದ್ಬಿಡುತ್ತೆ. ಏನಾದ್ರೂ ತಿನ್ನಕ್ಕೆ ಕೊಡು’ ಅಂದೆ.

‘ಅಯ್ಯೋ, ಅದು ನಂಗೆ ಬಿಡು’ ಅಂದಳು.

‘ಥ್ಯಾಂಕ್ಸ್ ಕಣೇ’ ಅಂದೆ.