ಪರದೆಯ ಮೇಲೆ ಬಂದ ನನ್ನ ಹೆಸರು

ಮಕ್ಕಳೇ, ಅರಸೀಕೆರೆಗೆ ಬಂದ ಮೊದಲ ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದೆ. ಎದುರಿಗೆ ಆಕಾಶವಿರಲಿಲ್ಲ, ಒಂದು ಕಣ್ಣಿತ್ತು. ಮೊರದಷ್ಟು ಅಗಲದ, ಕಾಡಿಗೆ ತೀಡಿದ ಹೆಣ್ಣಿನ ಕಣ್ಣು. ಮುಚ್ಚಿಹೋದ ಟಾಕೀಸಿನ ಗೋಡೆ ಅದು. ಬಣ್ಣ ಉದುರಿ ಮುಖವೆಲ್ಲ ಹೋಗಿ ಕಣ್ಣೊಂದೇ ಉಳಿದಿದೆ. ನಿಮ್ಮ ಅಮ್ಮ ನಕ್ಕಳು. ನಾನು ಕಿಟಕಿ ಮುಚ್ಚಿದೆ. ಆ ಟಾಕೀಸು ನನಗೆ ಹೊಸದಲ್ಲ.

ನಿಮ್ಮ ತಾತ ಹೋದ ಮೇಲೆ ಹಗರೆ ಬಿಟ್ಟು ಮಗಳ ಈ ಬಾಡಿಗೆ ಮನೆಗೆ ಬಂದೆ. ಹಗರೆಯಲ್ಲಿ ದಾರಿ ಕೇಳಿದರೆ ಡೈರಿ, ಅರಳಿಮರ ಅನ್ನುತ್ತಾರೆ. ಇಲ್ಲಿ ಎಲ್ಲವೂ ಟಾಕೀಸಿನ ಹಿಂದೆ, ಇಲ್ಲವೇ ಟಾಕೀಸಿನ ಮುಂದೆ. ಸಿನಿಮಾ ನಿಂತು ಎಷ್ಟೋ ವರ್ಷವಾದರೂ ಸಂಜೆಯಾದರೆ ಬೀದಿಯವರೆಲ್ಲ ಅದರ ಮೆಟ್ಟಿಲ ಮೇಲೆ ಸೇರುತ್ತಾರೆ. ಅಲ್ಲಿ ಜಗುಲಿ ಮನೆಗೊಂದು, ಇಲ್ಲಿ ಬೀದಿಗೊಂದೇ. ಯಾರು ಬಾಲ್ಕನಿಯವರು, ಯಾರು ಗಾಂಧಿ ಕ್ಲಾಸಿನವರು, ಅಂದರೆ ಪರದೆಯ ಮುಂದಿನ ಅಗ್ಗದ ಬೆಂಚಿನವರು, ಎಂದು ಈಗಲೂ ಕಿಚಾಯಿಸುತ್ತಾರೆ. ಸಂಕೋಚದಿಂದ ಮೂರು ತಿಂಗಳು ನಾನು ಅತ್ತ ಸುಳಿಯಲಿಲ್ಲ.

ಒಂದು ಸಂಜೆ ನಿಮ್ಮ ಅಮ್ಮ ಎಳೆದುಕೊಂಡು ಹೋದಳು. ಕಂಬಕ್ಕೊರಗಿ ಕೂತಿದ್ದ ಮುದುಕರೊಬ್ಬರನ್ನು ಯಾರೋ ಕೆಣಕಿದರು: "ಏನ್ಲಾ ಬಸಪ್ಪ, ಸ್ಲೈಡ್ ಹಾಕ್ದೇನ್ಲಾ?"

ಎಲ್ಲರೂ ನಕ್ಕರು. "ಹಾಕಿದ್ದೆ ಕಣ್ರೋ! ನನ್ ಕೈಯಾರೆ ಬರ್ದು ಹಾಕಿದ್ದೆ!" ಎಂದರು ಅವರು.

ನಾನು ಸೆರಗು ಎಳೆದುಕೊಂಡು ಮೆಟ್ಟಿಲಿಳಿದೆ.

ಮದುವೆಯಾದ ವರ್ಷ ಇದೇ ಊರಿನಲ್ಲಿದ್ದ ನಾದಿನಿಯ ಮನೆಗೆ ಬಂದಿದ್ದೆ. ಅವಳ ಜೊತೆ ಸಿನಿಮಾಕ್ಕೆ ಹೋಗಿ ಹೆಂಗಸರ ಬೆಂಚಿನಲ್ಲಿ ಕೂತಿದ್ದೆ. ಆಗೆಲ್ಲ ಒಳಗಿದ್ದವರನ್ನು ತುರ್ತಾಗಿ ಕರೆಯಬೇಕಾದರೆ ಗಾಜಿನ ಚೂರಿನ ಮೇಲೆ ಹೆಸರು ಬರೆದು ಪರದೆಗೆ ಬೆಳಕು ಬಿಡುತ್ತಿದ್ದರು, ಅದೇ ಸ್ಲೈಡು. "ಗೆಂಡೆಹಳ್ಳಿ ಪುಟ್ಟತಾಯಮ್ಮನವರು ಕೂಡಲೇ ಹೊರಗೆ ಬರಬೇಕು." ನನ್ನ ಹೆಸರು, ಆಳುದ್ದದ ಅಕ್ಷರದಲ್ಲಿ! "ಯಾರ್ಲಾ ಅದು?" ಎಂದು ಗಂಡಸರ ಕಡೆಯಿಂದ ಶಿಳ್ಳೆ ಬಂತು. ನಮ್ಮ ಸಾಲಿನಲ್ಲಿ ಓದು ಬರುತ್ತಿದ್ದುದು ನನಗೊಬ್ಬಳಿಗೇ.

"ಏನಂತೆ ಬರ್ದಿರಾದು?" ಎಂದಳು ನಾದಿನಿ.

"ಸೋಪಿನ ಜಾಹೀರಾತು ಕಣಕ್ಕ," ಎಂದೆ. ಅಷ್ಟು ಜನರ ಮುಂದೆ ಏಳಲು ನಾಚಿಕೆ.

ಸಿನಿಮಾ ಮುಗಿದಾಗ ಬಾಗಿಲಲ್ಲಿ ನನ್ನಣ್ಣ ನಿಂತಿದ್ದ. "ಅವ್ವಂಗೆ ಜೋರಾಗೈತೆ. ಸ್ಲೈಡ್ ಹಾಕ್ಸಿದ್ನಲ್ಲ, ನೋಡ್ನಿಲ್ವೇನೇ?"

"ಇಲ್ಲ ಕಣಣ್ಣ."

ಅವನು ನೇರ ಮೇಲೆ ಹತ್ತಿ, "ಸ್ಲೈಡ್ ಹಾಕ್ದೇನ್ಲಾ?" ಎಂದು ಸಿನಿಮಾ ಯಂತ್ರ ನಡೆಸುವವನ ಕತ್ತಿನಪಟ್ಟಿ ಹಿಡಿದ. ಬೇಲೂರು ಬಸ್ಸು ಹಿಡಿದು ನಾವು ನನ್ನ ತವರು ಗೆಂಡೆಹಳ್ಳಿ ಮುಟ್ಟುವಷ್ಟರಲ್ಲಿ ಅವ್ವನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ನನ್ನನ್ನು ಕೇಳಿ ಕೇಳಿ ಹೋದಳಂತೆ.

ಆ ಸುಳ್ಳು ಈ ಮೆಟ್ಟಿಲ ಮೇಲೆ ಒಬ್ಬ ಮನುಷ್ಯನ ಮೇಲಿನ ಗೇಲಿಯಾಗಿ ಇಷ್ಟು ವರ್ಷ ಬದುಕಿತ್ತೆಂದು ನನಗೆ ತಿಳಿದಿರಲಿಲ್ಲ.

ಒಂದು ವಾರ ಊಟ ಸೇರಲಿಲ್ಲ. ಆಮೇಲೊಂದು ಸಂಜೆ ಎಲ್ಲರೂ ಇರುವಾಗಲೇ ಹೋಗಿ ನಿಂತೆ. "ಬಸಪ್ಪನೋರೆ, ಆ ಪುಟ್ಟತಾಯಮ್ಮ ನಾನೇ. ನೀವು ಹಾಕಿದ್ರಿ. ನಾನು ಓದ್ದೆ. ಏಳ್ನಿಲ್ಲ."

ಅವರು ಕಂಬ ಬಿಟ್ಟು ಮುಂದಕ್ಕೆ ಬಾಗಿದರು.

"ಅಕ್ಷರ ನೆಟ್ಟಗಿದ್ವಾ?" ಎಂದರು. "ಅವಸರದಲ್ಲಿ ಬರ್ದಿದ್ದೆ."

"ಒಂದು ಒತ್ತೂ ತಪ್ಪಿರ್ನಿಲ್ಲ."

"ಕೇಳುಸ್ಕೊಂಡ್ರೇನ್ರಲಾ?" ಎಂದು ಅವರು ಎಲ್ಲರತ್ತ ತಿರುಗಿದರು. ಯಾರೂ ನಗಲಿಲ್ಲ.

ಈಗ ಅವರು ನನಗೂ ಜಾಗ ಬಿಡುತ್ತಾರೆ. ಈ ಬೀದಿ ನನ್ನನ್ನು ತನ್ನವಳೆಂದುಕೊಂಡಿದೆ. ಆದರೆ ಸಂಜೆಯ ಬಸ್ಸು ತಿರುವಿಗೆ ಬಂದು ಕಂಡಕ್ಟರು "ಬೇಲೂರು, ಬೇಲೂರು" ಎಂದು ಕೂಗಿದಾಗ, ಮಾತಿನ ಮಧ್ಯದಲ್ಲೇ ನಾನು ಎದ್ದು ನಿಲ್ಲುತ್ತೇನೆ. ಬಸ್ಸು ಹೋಗುತ್ತದೆ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಮತ್ತೆ ಕೂರುತ್ತೇನೆ.