ಹಳ್ಳದ ನೀರು ಅಳೆದ ಲಿಯೆನ್

ಪಾಂಗ್ ಲಿಯೆನ್ ಡಾಂಗ್‌ಗ್ವಾನ್ ನಗರದ ಬೂಟಿನ ಕಾರ್ಖಾನೆ ಬಿಟ್ಟು ಗಂಡನ ಊರು ಶೀಕಂಗ್‌ಗೆ ಮರಳಿದ್ದು ಮಗಳ ಒಂದೇ ಒಂದು ಮಾತಿಗೆ. ಹೊಸವರ್ಷದ ರಜೆಗೆಂದು ಬಂದು ಬಾಗಿಲಲ್ಲಿ ಚೀಲ ಇಳಿಸುತ್ತಿದ್ದಾಗ, ಐದು ವರ್ಷದ ಯಿಂಗ್ ಒಳಗೆ ಓಡಿ ಅಜ್ಜಿಯ ಅಂಗಿಯ ಚುಂಗು ಹಿಡಿದು, "ಅಜ್ಜೀ, ಯಾರೋ ಆಂಟಿ ಬಂದಿದಾರೆ" ಅಂದಳು. ಅಜ್ಜಿ ನಕ್ಕು ಮಾತು ಮರೆಸಲು ನೋಡಿದಳು. ಲಿಯೆನ್‌ಗೆ ನಗು ಬರಲಿಲ್ಲ. ಹಬ್ಬ ಮುಗಿದು ಊರಿನ ಹೆಂಗಸರೆಲ್ಲ ಮತ್ತೆ ಪೂರ್ವದ ಕಾರ್ಖಾನೆಗಳಿಗೆ ಬಸ್ಸು ಹತ್ತಿದರು. ಅವಳು ಹತ್ತಲಿಲ್ಲ.

"ಇಲ್ಲಿದ್ದು ಏನು ಮಾಡ್ತೀಯ? ಇಬ್ರೂ ಮರಗೆಣಸು ಕೀಳ್ತಾ ಕೂರೋಣ್ವಾ?" ಎಂದ ಗಂಡ ಸು ತೇಂಗ್. ಅವನು ಮೂರು ಚಕ್ರದ ಗಾಡಿಯಲ್ಲಿ ಕಬ್ಬು ಸಾಗಿಸುತ್ತಿದ್ದ.

"ಕೀಳೋಣ. ಗೆಣಸು ನನ್ನನ್ನ ಆಂಟಿ ಅನ್ನಲ್ವಲ್ಲ."

ಅದೇ ವಸಂತದಲ್ಲಿ ಕಂಪನಿಯೊಂದು ಊರಿನ ಗುಡ್ಡಕ್ಕೆ ಬಂತು. ಹಿಮ ಬೀಳುವ ಯಾವುದೋ ದೂರದ ದೇಶದ್ದಂತೆ. ಮರದಿಂದ ತಿರುಳು ತೆಗೆದು, ತಿರುಳಿನಿಂದ ಕಾಗದ, ಬಟ್ಟೆಗೆ ಬೇಕಾದ ನಾರು ಮಾಡುತ್ತದಂತೆ. ಕಡಲ ದಂಡೆಯಲ್ಲಿ ದೊಡ್ಡ ಕಾರ್ಖಾನೆ ಕಟ್ಟುವ ಮೊದಲು ಅದಕ್ಕೆ ಮರ ಬೇಕಿತ್ತು. ಬರೀ ಜರಿಗಿಡ ತುಂಬಿದ್ದ ಕೆಂಪು ಗುಡ್ಡಗಳನ್ನು ಊರಿನ ಸಮಿತಿ ಗುತ್ತಿಗೆಗೆ ಕೊಟ್ಟಿತು. ಗುಡ್ಡದ ಬುಡದಲ್ಲಿ ನೀಲಗಿರಿ ಸಸಿಗಳ ನರ್ಸರಿ ಎದ್ದಿತು. ಕೆಲಸಕ್ಕೆ ಹೆಂಗಸರು ಬೇಕು ಎಂಬ ಚೀಟಿಯನ್ನು ಗಂಡನ ಏಳನೇ ಚಿಕ್ಕಪ್ಪನವರ ಅಂಗಡಿಯ ಗೋಡೆಗೆ ಅಂಟಿಸಿದ ದಿನವೇ ಲಿಯೆನ್ ಹೋಗಿ ಹೆಸರು ಬರೆಸಿದಳು. ಆ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು.

ತಾಯಿಗಿಡದ ಚಿಗುರನ್ನು ಎರಡೆಲೆ ಉಳಿಸಿ ಕತ್ತರಿಸಬೇಕು, ಎಲೆಯನ್ನೂ ಅರ್ಧಕ್ಕೆ ಕತ್ತರಿಸಬೇಕು, ತುದಿಯನ್ನು ಬೇರು ಬರಿಸುವ ಪುಡಿಗೆ ಅದ್ದಿ ಮಣ್ಣಿನ ಕೊಳವೆಗೆ ಚುಚ್ಚಬೇಕು. ಬೂಟಿಗೆ ಅಂಟು ಹಚ್ಚಿ ಹಚ್ಚಿ ಪಳಗಿದ ಬೆರಳಿಗೆ ಇದು ಆಟವಾಗಿತ್ತು. ತಿಂಗಳು ಕಳೆಯುವುದರೊಳಗೆ ಅವಳು ದಿನಕ್ಕೆ ಎರಡು ಸಾವಿರ ಚುಚ್ಚುತ್ತಿದ್ದಳು, ಅವಳು ಚುಚ್ಚಿದ್ದರಲ್ಲಿ ಸಾಯುತ್ತಿದ್ದುದು ಬೆರಳೆಣಿಕೆಯಷ್ಟು. ಮಧ್ಯಾಹ್ನ ಮನೆಗೆ ಹೋಗಿ ಉಪ್ಪು ಮೂಲಂಗಿಯ ಜತೆ ಗಂಜಿ ಕುಡಿದು, ಯಿಂಗ್‌ಳ ಜಡೆ ಹೆಣೆದು, ಮತ್ತೆ ಬರುತ್ತಿದ್ದಳು. ಮಗಳು 'ಅಮ್ಮ' ಎನ್ನಲು ಮಳೆಗಾಲದವರೆಗೆ ಹಿಡಿಯಿತು.

ಮರುವರ್ಷ ಹೊಸವರ್ಷ ಮುಗಿದ ಮೇಲೆ ಬಸ್ಸು ಅರ್ಧ ಖಾಲಿ ಹೋಯಿತು. ನರ್ಸರಿಯಲ್ಲಿ ಎಂಬತ್ತು ಹೆಂಗಸರಿದ್ದರು. ಸು ತೇಂಗ್ ಮೂರು ಚಕ್ರದ ಗಾಡಿ ಮಾರಿ, ಕಂಪನಿಯ ಸಸಿ ಸಾಗಿಸಲು ಲಾರಿ ಹಿಡಿದ. ಶಾಲೆಯ ಮೇಷ್ಟ್ರು ಮಾತ್ರ ಗೊಣಗಿದರು: ಮಕ್ಕಳ ತಾಯಂದಿರು ಈಗ ಊರಲ್ಲೇ ಇರುವುದರಿಂದ, ಪಾಠ ಬರಲಿಲ್ಲವೆಂದರೆ ನೇರ ಬಾಗಿಲಿಗೇ ಬಂದು ಜಗಳ ತೆಗೆಯುತ್ತಾರಂತೆ.

ಗುಡ್ಡದಲ್ಲಿ ಮರಗಳು ಎರಡಾಳೆತ್ತರ ಬಂದ ಮೇಲೆ ಹಳ್ಳದ ಮಾತು ಶುರುವಾಯಿತು. ಶೀಕಂಗ್‌ನ ಗದ್ದೆಗಳಿಗೆಲ್ಲ ಗುಡ್ಡದ ನೆಲದಿಂದ ಉಕ್ಕುವ ಊಟೆಯಿಂದ ಇಳಿಯುವ ಒಂದೇ ಹಳ್ಳ. ಅದು ಬಡವಾಗುತ್ತಿದೆ ಎಂದರು. ನೀಲಗಿರಿ ಅಂದರೆ ನೀರಿನ ಪಂಪು ಎಂದರು. ಕಂಪನಿಯಲ್ಲಿ ದುಡಿಯುವವರ ಮೇಲೆ ಸಿಟ್ಟು ತಿರುಗಿತು, ಅವರಲ್ಲಿ ಮೊದಲು ಹೆಸರು ಬರೆಸಿದವಳ ಮೇಲೆ ಎಲ್ಲರಿಗಿಂತ ಹೆಚ್ಚು.

"ಬಂದ್ಳು ನೋಡು, ಕಂಪನಿ ಸೊಸೆ," ಎನ್ನುತ್ತಿದ್ದರು ಏಳನೇ ಚಿಕ್ಕಪ್ಪ, ಅಂಗಡಿಯಲ್ಲಿ ಸೋಯಾ ಸಾಸಿನ ಸೀಸೆ ಎತ್ತಿಕೊಡುತ್ತಾ. ಅವರು ಲಿಯೆನ್‌ಳ ಮಾವನ ಏಳನೇ ತಮ್ಮ. ಹಳ್ಳದ ಕೊನೆಯ ಗದ್ದೆ ಅವರದು. "ಗುಡ್ಡದ ಮೇಲಿರೋ ನಿನ್ನ ಗಂಡನ ಮನೆಯೋರು ನಮ್ಮ ನೀರು ಕುಡಿದು ಮುಗಿಸಿದ ಮೇಲೆ, ನಾವು ಇದನ್ನೇ ಕುಡೀಬೇಕು."

"ಕುಡೀರಿ ಚಿಕ್ಕಪ್ಪ. ಉಪ್ಪು ಜಾಸ್ತಿ ಆಗುತ್ತೆ ನೋಡಿ, ನಿಮಗೆ ಬಿಪಿ."

ಉತ್ತರ ಕೊಟ್ಟು ಬಂದರೂ ಮನೆಗೆ ಹೋಗುವ ದಾರಿಯಲ್ಲಿ ಅವಳು ಹಳ್ಳದ ಕಡೆಗೇ ನೋಡುತ್ತಿದ್ದಳು. ನೀರು ಕಮ್ಮಿಯಾಗಿದೆ ಎಂದು ಅವಳಿಗೂ ಅನ್ನಿಸುತ್ತಿತ್ತು. ಹಳ್ಳದೊಳಗಿನ ಬಟ್ಟೆ ಒಗೆಯುವ ಕಲ್ಲು ಮಳೆಗಾಲ ಮುಗಿದ ಮೇಲೆ ಈಗ ಬೇಗನೇ ನೀರಿನಿಂದ ಹೊರಬರುತ್ತಿತ್ತು. ಆದರೆ ಅನ್ನಿಸುವುದಕ್ಕೂ ಆಗಿರುವುದಕ್ಕೂ ಎಷ್ಟು ಅಂತರ, ಅದು ಅವಳಿಗೆ ತಿಳಿಯದು.

ಕುಲದ ಹಿರಿಯರ ಗುಡಿಯಂಗಳದಲ್ಲಿ ಪ್ಲಾಸ್ಟಿಕ್ ಸ್ಟೂಲುಗಳನ್ನು ಹಾಕಿ ಸಭೆ ಕರೆದರು. ಕಂಪನಿಯ ಕಡೆಯಿಂದ ಇಬ್ಬರು ಬಂದರು. ಒಬ್ಬ ಕಾಡಿನ ಕೆಲಸ ನೋಡಿಕೊಳ್ಳುವ ಇಂಜಿನಿಯರ್ ನೋಂಗ್, ಪಕ್ಕದ ಜಿಲ್ಲೆಯವನೇ. ಇನ್ನೊಬ್ಬಳು ಅವನ ಮೇಲಧಿಕಾರಿ ಕಿರ್ಸಿ, ಹಿಮದ ದೇಶದವಳು. ಬಾಗಿಲ ಪಟ್ಟಿಗೆ ತಲೆ ಬಡಿಯುವಷ್ಟು ಉದ್ದ ಇದ್ದುದರಿಂದ ಊರವರು ಆಕೆಗೆ 'ಎತ್ತರದಮ್ಮ' ಎಂದು ಹೆಸರಿಟ್ಟಿದ್ದರು. ಆಕೆಯ ಮಾತನ್ನು ನೋಂಗ್ ಊರಿನ ನುಡಿಗೆ ತಿರುಗಿಸುತ್ತಿದ್ದ.

"ನೀರು ಎಷ್ಟು ಕಮ್ಮಿಯಾಗಿದೆ ಅಂತ ಕೇಳ್ತಿದಾರೆ," ಎಂದ ನೋಂಗ್.

"ಬಹಳ," ಎಂದರು ಒಬ್ಬರು.

"ಅರ್ಧಕ್ಕರ್ಧ."

"ನಮ್ಮಜ್ಜನ ಕಾಲದಲ್ಲಿ ಆ ಹಳ್ಳದಲ್ಲಿ ಎಮ್ಮೆ ಮುಳುಗ್ತಿತ್ತು," ಎಂದರು ಏಳನೇ ಚಿಕ್ಕಪ್ಪ.

"ನಿಮ್ಮಜ್ಜನ ಎಮ್ಮೆ ಎಷ್ಟು ದೊಡ್ಡದಿತ್ತು, ಅದನ್ನೂ ಹೇಳಿ," ಎಂದು ಹಿಂದಿನಿಂದ ಯಾರೋ ಕೂಗಿದರು. ಅಂಗಳ ನಕ್ಕಿತು.

ಲಿಯೆನ್ ಎದ್ದು ನಿಂತಳು. ಸಭೆಯಲ್ಲಿ ಎದ್ದು ಮಾತಾಡಿದ್ದು ಅದೇ ಮೊದಲು. "ಎಷ್ಟು ಅಂತ ನಮಗೆ ಗೊತ್ತಿಲ್ಲ. ಇವರಿಗೂ ಗೊತ್ತಿಲ್ಲ. ಯಾರೂ ಅಳೆದಿಲ್ಲ. ಗೊತ್ತಿಲ್ಲದೆ ಬೈಯೋದು ಸುಲಭ, ಗೊತ್ತಿಲ್ಲದೆ ಇಲ್ಲ ಅನ್ನೋದೂ ಸುಲಭ. ಊಟೆಯ ಕೆಳಗೆ ಏನಾದ್ರೂ ಹಾಕಿ ದಿನಾ ಅಳೀರಿ."

ನೋಂಗ್ ತಿರುಗಿಸಿ ಹೇಳಿದ. ಕಿರ್ಸಿ ಅವಳತ್ತ ತಿರುಗಿ ಏನೋ ಅಂದಳು.

"ನೀವೇ ಅಳೀತೀರಾ ಅಂತಾರೆ. ಅದಕ್ಕೆ ಬೇರೆ ಸಂಬಳ ಕೊಡ್ತಾರಂತೆ."

"ಬೇರೆ ಸಂಬಳ ಬೇಡ. ತಗೊಂಡ್ರೆ ಇವರು ನಂಬಲ್ಲ. ದಿನಾ ಅರ್ಧ ಗಂಟೆ ತಡವಾಗಿ ನರ್ಸರಿಗೆ ಬರ್ತೀನಿ, ಅದಕ್ಕೆ ಗೇಟಿನೋನು ಬೈಬಾರದು. ಅಷ್ಟು ಸಾಕು."

ಹಳ್ಳಕ್ಕೆ ಅಡ್ಡಲಾಗಿ ಉಕ್ಕಿನ ತಗಡೊಂದನ್ನು ನಿಲ್ಲಿಸಿದರು. ಅದರ ನಡುವೆ ನೀರೆಲ್ಲ ಹಾದುಹೋಗುವ ತ್ರಿಕೋನದ ಕೊರೆತ, ಪಕ್ಕದಲ್ಲಿ ಗೆರೆ ಎಳೆದ ಕೋಲು. ಮಳೆ ಅಳೆಯುವ ಡಬ್ಬಿಯನ್ನೂ ಇಟ್ಟರು. ಬೆಳಿಗ್ಗೆ ಆರೂವರೆಗೆ ಲಿಯೆನ್ ಅಲ್ಲಿ ಕುಕ್ಕರಗಾಲಲ್ಲಿ ಕೂತು, ಕೊರೆತದಲ್ಲಿ ನೀರು ಎಷ್ಟನೇ ಗೆರೆಗಿದೆ ಎಂದು ನೋಡುತ್ತಿದ್ದಳು. ಪುಸ್ತಕದಲ್ಲಿ ಬರೆದರೆ ಪುಸ್ತಕ ಅವಳ ಕೈಯಲ್ಲಿ ಎನ್ನುತ್ತಾರೆ. ಅದಕ್ಕೇ ಊರಿಗೆಲ್ಲ ಕಾಣುವಂತೆ ಏಳನೇ ಚಿಕ್ಕಪ್ಪನವರ ಅಂಗಡಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ನೋಂಗ್ ಶನಿವಾರ ಬಂದು ನಕಲು ಮಾಡಿಕೊಂಡು ಹೋಗುತ್ತಿದ್ದ.

ಮೊದಲ ವರ್ಷದ ಜನವರಿಯಲ್ಲಿ ನೀರು ಹನ್ನೊಂದನೇ ಗೆರೆಗಿತ್ತು. ಮರುವರ್ಷದ ಜನವರಿಯಲ್ಲಿ ಏಳು. ಮೂರನೇ ವರ್ಷ ನಾಲ್ಕು. ಡಬ್ಬಿಯ ಲೆಕ್ಕದಲ್ಲಿ ಮೂರೂ ವರ್ಷ ಮಳೆ ಹೆಚ್ಚು ಕಮ್ಮಿ ಒಂದೇ. ನಾಲ್ಕು ಎಂದು ಬರೆದ ದಿನ ಲಿಯೆನ್ ಸುಣ್ಣದ ಚೂರು ಕೈಯಲ್ಲಿ ಹಿಡಿದು ಗೋಡೆಯ ಮುಂದೆ ತುಂಬಾ ಹೊತ್ತು ನಿಂತಳು. ತಾನು ಕೈಯಾರೆ ಬೇರು ಬರಿಸಿದ ಗಿಡಗಳೇ ಇದನ್ನು ಮಾಡಿದ್ದವು.

ಆ ಚಳಿಗಾಲದಲ್ಲೇ ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಕಂಪನಿಯ ಕಾಡು ನೆಟ್ಟಗಿದೆ ಎಂದು ಅವರು ಮುದ್ರೆ ಒತ್ತಿದರೆ ಮಾತ್ರ ದೂರದ ದೇಶಗಳಲ್ಲಿ ಅದರ ಸರಕು ಕೊಳ್ಳುತ್ತಾರಂತೆ. ಬರುವುದಕ್ಕೆ ವಾರವಿರುವಾಗ ನೋಂಗ್ ನರ್ಸರಿಗೆ ಬಂದು, ನೆರಳಿನ ಬಲೆಯ ಕೆಳಗೆ ಅವಳ ಪಕ್ಕ ನಿಂತ.

"ಲಿಯೆನ್ ಅಕ್ಕ, ಈ ವಾರ ಹೆಂಗೂ ಮಳೆ ಬರೋ ಹಂಗಿದೆ. ಮಳೆ ಬಂದ ಮೇಲೆ ಒಂದ್ಸಲ ಅಳೆದು ಬರೀರಿ. ಅಲ್ಲೀವರೆಗೆ ಗೋಡೆ ಖಾಲಿ ಇದ್ರೆ ಯಾರೂ ಏನೂ ಕೇಳಲ್ಲ."

"ಮಳೆ ಬರದಿದ್ರೆ?"

ನೋಂಗ್ ಒಂದು ಸಸಿಯ ಎಲೆ ತಿರುವಿ ನೋಡಿದ.

"ನೋಂಗ್ ಸಾಹೇಬ್ರೆ, ನೀವೂ ಗದ್ದೆ ಇರೋ ಮನೆಯಲ್ಲಿ ಹುಟ್ಟಿದೋರು."

ಅವನ ಕಿವಿ ಕೆಂಪಾಯಿತು. "ಕೇಳಿದ್ದು ಮರ್ತುಬಿಡಿ," ಎಂದು ಹೊರಟುಹೋದ.

ಎರಡು ದಿನ ಬಿಟ್ಟು ಏಳನೇ ಚಿಕ್ಕಪ್ಪ ಅವಳನ್ನು ಕರೆದು ಕೂರಿಸಿ, ಎಂದೂ ಇಲ್ಲದೆ ಒಣಗಿಸಿದ ಲೊಂಗನ್ ಹಣ್ಣು ಕೊಟ್ಟರು. "ನಾಲ್ಕು ಅಂತ ಬರೆದ್ರೆ 'ನೋಡೋಣ' ಅಂತಾರೆ. ಎರಡು ಅಂತ ಬರಿ. ಹಳ್ಳ ಸತ್ತೋಯ್ತು ಅಂದ್ರೆ ಪರಿಹಾರ ಕೊಟ್ಟು, ಕೊಳಾಯಿ ಹಾಕ್ಸಿ, ಕೈ ಮುಗೀತಾರೆ. ಎಲ್ರಿಗೂ ಒಳ್ಳೇದು."

"ನಾಲ್ಕಿದೆ ಚಿಕ್ಕಪ್ಪ."

"ಎರಡು ಗೆರೆಗೆ ನಿಂದೇನು ಹೋಗುತ್ತೆ?"

ಅವಳು ಹಣ್ಣನ್ನು ಅಲ್ಲೇ ಇಟ್ಟು ಎದ್ದಳು.

ಪರೀಕ್ಷಕರು ಬಂದ ಬೆಳಿಗ್ಗೆ ಅವಳು ನೋಡಿ ಬರೆದದ್ದು ನಾಲ್ಕು. ಒಂಬತ್ತಕ್ಕೆ, ನರ್ಸರಿಯಲ್ಲಿದ್ದವಳಿಗೆ ಕರೆ ಬಂದು ಅಂಗಡಿಯ ಹತ್ತಿರ ಹೋದರೆ ಗೋಡೆಯ ಮೇಲೆ ಎರಡು ಎಂದಿತ್ತು. ಮೂವರು ಪರೀಕ್ಷಕರು, ಕಿರ್ಸಿ, ಬಿಳಿಚಿಕೊಂಡ ನೋಂಗ್, ಇಡೀ ಊರು ಅಲ್ಲಿ ಸೇರಿತ್ತು. ಏಳನೇ ಚಿಕ್ಕಪ್ಪ ಸಿಗರೇಟಿನ ಪೊಟ್ಟಣಗಳನ್ನು ಒಂದರ ಮೇಲೊಂದು ಜೋಡಿಸುವುದರಲ್ಲಿ ಮುಳುಗಿದ್ದರು.

"ಇದು ಇವತ್ತಿನ ಅಳತೆಯಾ?" ಎಂದು ಕೇಳಿದ ನೋಂಗ್.

ಲಿಯೆನ್‌ಗೆ ತನ್ನ ಜನರ ಮುಖಗಳು ಕಂಡವು. ಅತ್ತೆ ಇದ್ದಳು. ಜತೆಗೆ ಸಸಿ ಚುಚ್ಚುವ ಹೆಂಗಸರಿದ್ದರು. ಹೌದು ಎಂದರೆ ಸಾಕು, 'ಕಂಪನಿ ಸೊಸೆ' ಎಂಬ ಹೆಸರು ಅವತ್ತಿಗೇ ಅಳಿಸಿಹೋಗುತ್ತಿತ್ತು.

"ಅಲ್ಲ. ಇದು ನನ್ನ ಕೈ ಅಕ್ಷರ ಅಲ್ಲ. ಇವತ್ತು ನಾಲ್ಕು," ಎಂದಳು. "ಬನ್ನಿ, ತೋರಿಸ್ತೀನಿ."

ಎಲ್ಲರೂ ಗುಡ್ಡ ಹತ್ತಿದರು. ಹಿಂದಿನಿಂದ ಯಾರೋ ಉಗಿದದ್ದು ಅವಳಿಗೆ ಕೇಳಿಸಿತು. ಕೊರೆತದಲ್ಲಿ ನೀರು ನಾಲ್ಕನೇ ಗೆರೆಗೆ ಸರಿಯಾಗಿ ಹರಿಯುತ್ತಿತ್ತು. ಕಿರ್ಸಿ ಪ್ಯಾಂಟು ಕೆಸರಾಗುವುದನ್ನೂ ಲೆಕ್ಕಿಸದೆ ಮಂಡಿಯೂರಿ ನೋಡಿದಳು. ಆಗ ಲಿಯೆನ್ ಎದೆಯಲ್ಲಿ ಮೂರು ವರ್ಷ ಕಟ್ಟಿಟ್ಟುಕೊಂಡಿದ್ದನ್ನು ಹೇಳಿದಳು.

"ಎರಡಲ್ಲ ಅಂತ ನಾನೇ ಹೇಳ್ದೆ. ಆದ್ರೆ ನಾಲ್ಕು ಅಂದ್ರೂ ನಮ್ಮ ಗದ್ದೆ ಒಣಗುತ್ತೆ. ಹನ್ನೊಂದಿತ್ತು. ಮಳೆ ಕಮ್ಮಿಯಾಗಿಲ್ಲ, ಡಬ್ಬಿ ನೋಡಿ. ಊಟೆಯ ತಲೆ ಮೇಲೇ ಮರ ನೆಟ್ಟಿದೀರಿ. ಅವನ್ನ ತೆಗೀರಿ."

ನೋಂಗ್ ಒಂದಕ್ಷರ ಬಿಡದೆ ತಿರುಗಿಸಿದ. ಕಿರ್ಸಿ ಎದ್ದು, ಅವನ ಮೂಲಕ ಅಲ್ಲ, ತನ್ನ ಒಡಕು ಚೀನೀ ಭಾಷೆಯಲ್ಲೇ ನಿಧಾನವಾಗಿ ಹೇಳಿದಳು: "ನೀನು ಎರಡು ಅಂತ ಒಪ್ಪಿಕೊಂಡಿದ್ದರೆ, ಹನ್ನೊಂದನ್ನೂ ನಾನು ನಂಬ್ತಿರಲಿಲ್ಲ."

ಕೊಡಲಿಗೆ ಬರಲು ಇನ್ನೂ ಮೂರು ವರ್ಷವಿದ್ದ ಮರಗಳನ್ನು ಮಾರ್ಚ್ ತಿಂಗಳಲ್ಲಿ ಕಡಿದರು: ಊಟೆಯ ಸುತ್ತ ಅರವತ್ತು ಮೀಟರ್, ಹಳ್ಳದ ಎರಡೂ ಬದಿ ಮೂವತ್ತು ಮೀಟರ್. ನೀಲಗಿರಿಯ ಬುಡ ಮತ್ತೆ ಚಿಗುರುತ್ತದೆ. ಚಿಗುರು ಮುರಿಯುವ ಕೆಲಸಕ್ಕೆ ಊರಿನವರನ್ನೇ ಕೂಲಿಗೆ ಕರೆದರು. ಲಿಯೆನ್ ತಾನು ಸಾಕಿದ ಗಿಡಗಳ ಚಿಗುರನ್ನು ತಾನೇ ಎರಡು ವರ್ಷ ಮುರಿದಳು. ಆ ಜಾಗದಲ್ಲಿ ಕಾಡು ಬಿದಿರು, ಹೆಸರಿಲ್ಲದ ಪೊದೆ, ಏನು ಬರಬೇಕೋ ಅದು ಬಂತು.

ಆ ಎರಡು ವರ್ಷ ಏಳನೇ ಚಿಕ್ಕಪ್ಪ ಅವಳ ಜತೆ ಮಾತು ಬಿಟ್ಟಿದ್ದರು. ಅವಳು ಬಂದು ಬರೆಯುವಾಗ ಬೆನ್ನು ತಿರುಗಿಸಿ ಕೂರುತ್ತಿದ್ದರು. ಆದರೆ ಗೋಡೆಗೆ ಬರೆಯಬೇಡ ಎಂದು ಒಮ್ಮೆಯೂ ಅನ್ನಲಿಲ್ಲ, ಬರೆದದ್ದನ್ನು ಮತ್ತೆ ಮುಟ್ಟಲೂ ಇಲ್ಲ. ಮರ ಕಡಿದ ಮೇಲಿನ ಮೊದಲ ಜನವರಿಯಲ್ಲಿ ನೀರು ಐದನೇ ಗೆರೆಗೆ ಬಂತು. ಮರುವರ್ಷ ಏಳೂವರೆ. ಅವತ್ತು ಅವರು ಬೆನ್ನು ತಿರುಗಿಸಲಿಲ್ಲ.

"ಆ ಅರ್ಧ ಸರಿಯಾಗಿ ನೋಡಿದ್ಯಾ?" ಎಂದು ಕೇಳಿದರು.

"ನೋಡಿದೀನಿ ಚಿಕ್ಕಪ್ಪ."

"ಗದ್ದೆಗೆ ಬಂದಿದೆ ನೀರು," ಎಂದು ಹೇಳಿ, ಆ ಮಾತಿನಿಂದ ತಮಗೇ ನಷ್ಟವಾಯಿತೇನೋ ಎಂಬಂತೆ ಒಳಗೆ ಹೋದರು.

ಮುಂದಿನ ವರ್ಷಗಳಲ್ಲಿ ನೀರು ಒಂಬತ್ತಕ್ಕೆ ಬಂದು ನಿಂತಿತು. ಹನ್ನೊಂದು ಮತ್ತೆ ಬರಲೇ ಇಲ್ಲ, ಬಂತೆಂದು ಲಿಯೆನ್ ಬರೆಯಲೂ ಇಲ್ಲ. ಶೀಕಂಗ್‌ನ ಅಳತೆ ನೋಡಿ ಕಂಪನಿ ಸುತ್ತಲಿನ ಹದಿನಾಲ್ಕು ಊರುಗಳಲ್ಲಿ ಅಂಥ ತಗಡು ನಿಲ್ಲಿಸಿತು. ಒಂದೊಂದು ಊರಿಗೂ ಲಿಯೆನ್‌ಳನ್ನು ಕಳಿಸಿ, ಅಲ್ಲಿನ ಹೆಂಗಸೊಬ್ಬಳಿಗೆ ಗೆರೆ ಓದುವುದನ್ನು ಕಲಿಸಿತು. ಹೊಸ ತೋಪು ಹಾಕುವಾಗ ಊಟೆಗಳಿಂದ ಮೊದಲೇ ದೂರ ಸರಿದು ಗುಣಿ ತೋಡುವ ಪದ್ಧತಿ ಬಂತು. ಕಲಿಯುವವರಿಗೆ ಅವಳು ಹೇಳುತ್ತಿದ್ದ ಪಾಠ ಚಿಕ್ಕದು: "ನೀರು ನೋಡು, ಬರಿ, ಆಮೇಲೆ ಯಾರ ಮುಖ ಬೇಕಾದ್ರೂ ನೋಡು."

ಅಮ್ಮನ ನರ್ಸರಿ ಸಂಬಳದಲ್ಲಿ ಯಿಂಗ್ ನಾನ್ನಿಂಗ್ ನಗರದಲ್ಲಿ ದಾದಿಯ ಓದು ಮುಗಿಸಿ, ತಾಲ್ಲೂಕು ಆಸ್ಪತ್ರೆಗೆ ಸೇರಿದಳು. ಭಾನುವಾರ ಬಂದರೆ ಅಮ್ಮನ ಗಂಟು ಕಟ್ಟಿದ ಬೆರಳುಗಳಿಗೆ ಎಣ್ಣೆ ತಿಕ್ಕುತ್ತಾಳೆ, ತಿಕ್ಕುತ್ತಲೇ ಬೈಯುತ್ತಾಳೆ.

ಐವತ್ತಕ್ಕೆ ಲಿಯೆನ್ ನಿವೃತ್ತಳಾದ ವರ್ಷ ಕಂಪನಿಯವರು ಹಳೆಯ ಹೆಂಗಸರನ್ನೆಲ್ಲ ಬಸ್ಸಿನಲ್ಲಿ ಕಡಲ ದಂಡೆಯ ಕಾರ್ಖಾನೆಗೆ ಕರೆದೊಯ್ದರು. ಹದಿನೆಂಟು ವರ್ಷ ಸಸಿ ಚುಚ್ಚಿದವರಾರೂ ಅದನ್ನು ನೋಡಿರಲಿಲ್ಲ. ಕೊನೆಯ ಕೋಣೆಯಲ್ಲಿ ಬೆಳ್ಳಗೆ ಹತ್ತಿಯ ಹಾಗೆ ನಾರು ರಾಶಿ ಬಿದ್ದಿತ್ತು. ಹೆಂಗಸರು ಮುಟ್ಟಿ ನೋಡಿ, ಕೆನ್ನೆಗೆ ಒತ್ತಿಕೊಂಡು ನಕ್ಕರು. ಲಿಯೆನ್ ಒಂದು ಹಿಡಿ ಎತ್ತಿಕೊಂಡು ಬೆಳಕಿಗೆ ಹಿಡಿದಳು. ತನ್ನ ಕೈಯಲ್ಲಿ ಹಾದು ಹೋದ ಲಕ್ಷಾಂತರ ಚಿಗುರುಗಳು ಎಲ್ಲಿಗೆ ಹೋದವು ಎಂದು ಅವಳಿಗೆ ಆಗ ತಿಳಿಯಿತು. ಈಗ ತಲೆ ನರೆತ ನೋಂಗ್ ಪಕ್ಕದಲ್ಲೇ ಇದ್ದ.

"ಹೆಂಗಿದೆ ಅಕ್ಕ?"

"ಚೆನ್ನಾಗಿದೆ. ಇಷ್ಟು ನಾರಿಗೆ ಎಷ್ಟು ನೀರು ಹಿಡಿಯುತ್ತೆ?"

ನೋಂಗ್ ತಲೆ ಕೆರೆದುಕೊಂಡು ನಕ್ಕ. "ನಿವೃತ್ತಿ ಆದ್ರೂ ಬಿಡಲ್ವಲ್ಲ. ಗುಡ್ಡದ್ದಾ, ಕಾರ್ಖಾನೆದಾ?"

"ಎರಡೂ."

"ಕೇಳಿ ಹೇಳ್ತೀನಿ."

ಹತ್ತು ದಿನ ಕಳೆದು ಉತ್ತರ ಬಂತು, ಎರಡು ಹಾಳೆ, ನೋಂಗ್‌ನ ಸ್ವಂತ ಕೈಬರಹದಲ್ಲಿ. ಲಿಯೆನ್ ಅದನ್ನು ಜಗಲಿಯಲ್ಲಿ ಕೂತು ಎರಡು ಸಲ ಓದಿದಳು. ಒಂದು ಕಡೆ ಕೂಡಿಸಿದ್ದು ತಪ್ಪಾಗಿದೆ ಎನ್ನಿಸಿ, ಕನ್ನಡಕ ಹಾಕಿಕೊಂಡು ಪೆನ್ಸಿಲು ಹುಡುಕಲು ಎದ್ದಳು.