ಬಜೆಟ್ ಮೀಟಿಂಗಿನ ವಡೆ

ನಂಜನಗೂಡೋ ಟಿ. ನರಸೀಪುರವೋ, ಊರು ಮಾತ್ರ ಕೇಳಬೇಡಿ, ಎರಡೂ ಕಡೆ ನನಗೆ ಗಿರಾಕಿಗಳಿದ್ದಾರೆ. ಅಲ್ಲಿನ ಪೌರಕಾರ್ಮಿಕರಿಗೆ ಬೆಳಗಿನ ತಿಂಡಿ ಕೊಡುತ್ತಿದ್ದವನು ನಾನು. ಬಜೆಟ್‌ನಲ್ಲಿ ದುಡ್ಡಿಲ್ಲ ಅಂತ ಮುನಿಸಿಪಾಲಿಟಿ ಸಾಹೇಬರು ಅದನ್ನು ನಿಲ್ಲಿಸಿದರು. ಆ ಬಜೆಟ್ ಮೀಟಿಂಗಿಗೇ ನನ್ನಿಂದ ಕೇಸರಿಬಾತು, ವಡೆ ತರಿಸಿದರು!

ಪಾತ್ರೆ ಹೊತ್ತು ಹೋದರೆ, ತಿಂಡಿ ನಿಲ್ಲಿಸಿದ್ದಕ್ಕೆ ಪೌರಕಾರ್ಮಿಕರ ಸಂಘದ ಹೆಂಗಸರು ಬಾಗಿಲೆದುರೇ ಧರಣಿ ಕೂತಿದ್ದಾರೆ. ಎಲ್ಲರೂ ಪಾತ್ರೆಯನ್ನೇ ನೋಡಿದರು. ನಾನು ತಲೆ ತಗ್ಗಿಸಿ ಒಳಗೆ ನುಗ್ಗಿದೆ.

ಒಳಗೆ ಸಾಹೇಬರು ವಡೆ ಮುರಿಯುವಾಗ, ತೆರೆದ ಬಾಗಿಲಿನಾಚೆ ಕೂತಿದ್ದ ಸಂಘದ ಮುಖಂಡೆ ಪುಟ್ಟಮ್ಮ ಕಣ್ಣಿಗೆ ಬಿದ್ದರು. ಎದುರಿಗೆ ಜನ ಇದ್ದಾಗ ಕರೆಯದೆ ತಿನ್ನೋದುಂಟೇ? ಬಾಯಿ ಅಭ್ಯಾಸಕ್ಕೆ, "ಬಾರಮ್ಮ, ತಿಂಡಿ ಮಾಡು" ಅಂದುಬಿಟ್ಟರು. "ಆಗ್ಲಿ ಸಾ, ನೀವ್ ಮಾಡಿ" ಅಂತ ಕರೆಸಿಕೊಂಡವರು ಸುಮ್ಮನಾಗೋದು ನಮ್ಮ ಕಡೆಯ ವಾಡಿಕೆ.

ಪುಟ್ಟಮ್ಮ ಸೆರಗು ಸಿಕ್ಕಿಸಿ ಎದ್ದೇಬಿಟ್ಟರು. "ಸಾಹೇಬ್ರು ಕರೀತಾವ್ರೆ, ಬನ್ರವ್ವಾ ಎಲ್ರೂವೆ!"

ಅಬ್ಬಾ! ಅಷ್ಟೂ ಜನ ಬಂದು ಮೆಂಬರುಗಳ ಪಕ್ಕದ ಕುರ್ಚಿಯಲ್ಲೇ ಕೂತರು. ಬಡಿಸಿದೆ ನೋಡಿ, ಯಾವ ಮದುವೆ ಮನೆಯಲ್ಲೂ ಹಾಗೆ ಬಡಿಸಿರಲಿಲ್ಲ! ತಿನ್ನುತ್ತಲೇ ಪುಟ್ಟಮ್ಮ ಅಂದರು: "ನಿಲ್ಸೋದಾದ್ರೆ ಇಬ್ಬರ್ದೂ ನಿಲ್ಸಿ ಸಾ. ಕೊಡೋದಾದ್ರೆ ಇಬ್ಬರ್ಗೂ ಕೊಡಿ." ಬಾಯಲ್ಲಿ ವಡೆ ಇಟ್ಟುಕೊಂಡು ಯಾರು ಆಗಲ್ಲ ಅಂತಾರೆ?

ಮಾರನೆ ದಿನದಿಂದಲೇ ಕಾರ್ಮಿಕರ ತಿಂಡಿ ಮತ್ತೆ ಶುರುವಾಯಿತು. ಸಾಹೇಬರು ಮಾತ್ರ ಈಗ ಬಾಗಿಲು ಹಾಕಿಕೊಂಡು ತಿನ್ನುತ್ತಾರೆ.